ನಾಲ್ಕನೇ ಜೇಬು

"ವಿಶೇಷ ಸೂಚನೆ," ಎಂದಿತು ಫೋನು. ಆಮೇಲೆ ಏನೂ ಹೇಳಲಿಲ್ಲ.

ಶಿಡ್ಲಘಟ್ಟದ ಬಸ್ಸು ಆಗಷ್ಟೇ ಚಿಕ್ಕಬಳ್ಳಾಪುರ ದಾಟಿತ್ತು. ಶ್ರೀವಿದ್ಯಾಳ ಮುಂದಿನ ಸೀಟಿನಲ್ಲಿದ್ದ ಮುದುಕ ಫೋನನ್ನು ಕಿವಿಯಿಂದ ತೆಗೆದು, ತಿರುಗಿಸಿ ನೋಡಿ, ಮತ್ತೆ ಒತ್ತಿದ. ಯಂತ್ರದ ಹೆಣ್ಣುದನಿ ಮೊದಲಿನಿಂದ ಶುರುಮಾಡಿತು. "ನಮಸ್ಕಾರ ಆವುಲಪ್ಪ ಅವರೇ. ನಿಮ್ಮ ಹುಳು ಮೂರನೇ ಜ್ವರ ಎದ್ದಿದೆ. ಸೊಪ್ಪು ಹಾಕಬಹುದು. ವಿಶೇಷ ಸೂಚನೆ." ಮತ್ತೆ ಮೌನ. ಸಡಿಲವಾದ ಕಿಟಕಿಯ ಗಾಜು ಮಾತ್ರ ಕಟಕಟ ಎನ್ನುತ್ತಿತ್ತು.

"ಏನಂತೆ ವಿಶೇಷ?" ಎಂದ ಪಕ್ಕದವನು.

"ಅದೇ ಗೊತ್ತಾಗಲ್ಲಪ್ಪ. ದಿನಾ ಹಿಂಗೇ. ಹೇಳೋ ಹಂಗೆ ಬಾಯಿ ತೆಗೀತದೆ, ಹೇಳಲ್ಲ. ನಮ್ಮ ಸೊಸೆ ಇದ್ದಂಗೆ."

"ಹೇಳಲ್ಲ ಅಂತ ಸಂತೋಷಪಡು. ನಮ್ಮನೇದು ಹೇಳ್ತದೆ."

ಸುತ್ತಲಿನವರು ನಕ್ಕರು. ಶ್ರೀವಿದ್ಯಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ದನಿ ಯಂತ್ರದ್ದು. ಮಾತು ಅವಳದು.

ಜಂಗಮಕೋಟೆಯ ಹೊರಗಿನ ಚಾಕಿ ಕೇಂದ್ರದಲ್ಲಿ ಅವಳಿಗೆ ಕೆಲಸ. ಮೊಟ್ಟೆಯೊಡೆದ ರೇಷ್ಮೆ ಮರಿಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕೂತು, ಹಳೆಯ ಪೊರೆ ಕಳಚಿಕೊಳ್ಳುವ ಹೊತ್ತಿಗೆ ಈ ಸೀಮೆಯಲ್ಲಿ ಜ್ವರ ಎನ್ನುತ್ತಾರೆ. ಜ್ವರದಲ್ಲಿರುವಾಗ ಹಿಪ್ಪುನೇರಳೆ ಸೊಪ್ಪು ಹಾಕಬಾರದು. ಎದ್ದ ಮೇಲೆ ತಡ ಮಾಡಬಾರದು. ನಾಲ್ಕು ಸಲ ಹೀಗೆ ಮಲಗಿ ಎದ್ದರೆ ಆಮೇಲೆ ಹುಳುವಿಗೆ ಹಸಿವೊಂದೇ ಕೆಲಸ. ಹೊತ್ತು ಹೊತ್ತಿಗೆ ಮೇವು ಬಿದ್ದರೆ ಗೂಡು, ಬೀಳದಿದ್ದರೆ ಇಲ್ಲ.

ಕೇಂದ್ರದ ಮಾಲೀಕ ಮೋಹನ್‌ಬಾಬುವಿಗೆ ಒಂದು ಹೆಮ್ಮೆಯಿತ್ತು. ಬೇರೆಯವರು ಮರಿ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ, ತಾನು ಮಾತ್ರ ಗೂಡು ಕಟ್ಟುವವರೆಗೆ ಜೊತೆಗಿರುತ್ತೇನೆ ಎಂದು. ಜೊತೆಗಿರುತ್ತಿದ್ದವನು ರಮೇಶ್‌ಬಾಬು. ಅವನು ಶಿಡ್ಲಘಟ್ಟ, ಚಿಂತಾಮಣಿಯ ಹಳ್ಳಿಗಳಲ್ಲಿ ಬೈಕಿನಲ್ಲಿ ಸುತ್ತಿ ಹುಳುಮನೆಗಳನ್ನು ನೋಡಿ, ಮನೆಗೊಂದು ಸಾಲಿನಂತೆ ಫೋನಿನಲ್ಲಿ ಬರೆದು ಕಳಿಸುತ್ತಿದ್ದ. ಔಷಧಿ ಹೊಡೆದ ತೋಟ ಹಾದು ಬಂದ ದಿನ ಅವನು ಹುಳುಮನೆಯ ಹೊಸಿಲು ತುಳಿಯುತ್ತಿರಲಿಲ್ಲ; ಹೊರಗೇ ನಿಂತು ಕೂಗಿ ಕೇಳಿ ಬರೆದುಕೊಳ್ಳುತ್ತಿದ್ದ. ಬಟ್ಟೆಗಂಟಿದ ಔಷಧಿಯ ವಾಸನೆಗೇ ಹುಳು ಸಾಯುತ್ತವೆ ಎನ್ನುವುದು ಇಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ರಮೇಶ್‌ಬಾಬು ಕಳಿಸಿದ ಸಾಲುಗಳನ್ನು ಸಂಜೆಯೊಳಗೆ ಮಾತಾಗಿ ಮಾಡಿ ಎಲ್ಲರ ಫೋನಿಗೆ ಮುಟ್ಟಿಸುವುದು ಶ್ರೀವಿದ್ಯಾಳ ಪಾಲು. ಒಂದೊಂದನ್ನೇ ಕೂತು ಟೈಪು ಮಾಡಿದರೆ ಸಂಜೆ ಸಾಲದು. ಅದಕ್ಕೆ ಅವಳು ಕಂಪ್ಯೂಟರಿಗೆ ಒಂದು ಅಚ್ಚು ಮಾಡಿಕೊಟ್ಟಿದ್ದಳು.

ಆ ವಿದ್ಯೆಯನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೌರಿಬಿದನೂರಿನಲ್ಲಿ ಬಿ.ಕಾಂ. ಮುಗಿಸಿ, ಚಿಕ್ಕಬಳ್ಳಾಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಹತ್ತಾರು ವರ್ಷ ಲಗ್ನಪತ್ರಿಕೆ, ಕರಪತ್ರ, ಅರ್ಜಿ ಹೊಡೆಯುತ್ತಾ ಕೂತಿದ್ದಾಗ ಬೇಸರವೇ ಅದನ್ನು ಕಲಿಸಿತ್ತು. ಹುಡುಕು, ಬದಲಿಸು. ಒಂದು ಪದವನ್ನಲ್ಲ, ಪದಗಳ ಆಕಾರವನ್ನೇ ಹುಡುಕು. ಎಲ್ಲಿ ಆ ಆಕಾರ ಸಿಕ್ಕರೂ ಒಳಗಿರುವುದನ್ನು ಎತ್ತಿಕೊಂಡು ಬೇರೆ ಆಕಾರದಲ್ಲಿ ಇಳಿಸು. ಎತ್ತಿಕೊಳ್ಳಬೇಕಾದ ಕಡೆ ಒಂದು ಕಂಸ ಹಾಕಬೇಕು. ಆ ಕಂಸಗಳಿಗೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು. ಅವಳು ಮನಸ್ಸಿನಲ್ಲಿ ಜೇಬು ಎಂದುಕೊಳ್ಳುತ್ತಿದ್ದಳು. ಮೊದಲ ಜೇಬಿಗೆ ಹೆಸರು, ಎರಡನೆಯದಕ್ಕೆ ಊರು, ಮೂರನೆಯದಕ್ಕೆ ಹುಳುವಿನ ಸ್ಥಿತಿ. ಈ ಮೂರು ಎಲ್ಲರಿಗೂ ಇರುತ್ತಿದ್ದವು. ನಾಲ್ಕನೆಯದು ಹಾಗಲ್ಲ. ರಮೇಶ್‌ಬಾಬು ಯಾವಾಗಲಾದರೊಮ್ಮೆ ಸಾಲಿನ ಕೊನೆಗೆ ಒಂದು ಅಡ್ಡಗೆರೆ ಎಳೆದು ಏನಾದರೂ ಬರೆಯುತ್ತಿದ್ದ: ಗಾಳಿ ಸಾಲದು, ಸೊಪ್ಪು ಒದ್ದೆಯಿದೆ, ಸುಣ್ಣ ಹಾಕಿ. ಅದಕ್ಕೆಂದು ಅವಳು ನಾಲ್ಕನೇ ಜೇಬು ಇಟ್ಟು, ಅದರ ಕೊನೆಗೆ ಪ್ರಶ್ನೆಯ ಚಿಹ್ನೆ ಹಾಕಿದ್ದಳು. ಅಲ್ಲಿ ಅದು ಯಾರನ್ನೂ ಏನನ್ನೂ ಕೇಳುವುದಿಲ್ಲ. ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದಷ್ಟೇ ಅದರ ಅರ್ಥ.

ಹುಡುಕುವಾಗ ಯೋಚಿಸಿದ್ದ ಮಾತನ್ನು ಬದಲಿಸುವಾಗ ಅವಳು ಮರೆತಿದ್ದಳು. ಜೇಬು ಖಾಲಿಯಿದ್ದರೂ ಅದರ ಮುಂದಿನ "ವಿಶೇಷ ಸೂಚನೆ" ಎಂಬ ಎರಡು ಪದ ತಪ್ಪದೆ ಬಂದು ನಿಲ್ಲುತ್ತಿದ್ದವು, ಮಡಕೆಯಿಲ್ಲದ ಸಿಂಬೆಯ ಹಾಗೆ.

ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿ, ಜಂಗಮಕೋಟೆಯಲ್ಲಿ ಇಳಿದು ಕೇಂದ್ರಕ್ಕೆ ಬಂದಾಗ ಮೋಹನ್‌ಬಾಬು ಬಾಗಿಲಲ್ಲೇ ನಿಂತಿದ್ದ.

"ಶ್ರೀವಿದ್ಯಮ್ಮ, ಅದಕ್ಕೆ ಬಾಯಿ ಮುಚ್ಚಿಸಮ್ಮ. ವಿಶೇಷ ಸೂಚನೆ ಸೆಂಟರ್ ಅಂತ ಹೆಸರಿಟ್ಟವ್ರೆ ನಮಗೆ ಮಾರ್ಕೆಟಲ್ಲಿ."

"ಇವತ್ತೇ ಸರಿ ಮಾಡ್ತೀನಿ ಸಾರ್."

"ಇವತ್ತೇ ಅಂದ್ರೆ ಇವತ್ತೇ."

ಆದರೆ ಅಂದು ಮೂರು ಊರಿಗೆ ಮರಿ ಹೋಗುವ ದಿನ. ಟ್ರೇಗಳ ಲೆಕ್ಕ, ಗಾಡಿಗಳ ಫೋನು, ಯಾರದೋ ಜಗಳ. ಅವಳು ಕಂಪ್ಯೂಟರ್ ಮುಂದೆ ಕೂತಾಗ ಸಂಜೆ ಬಸ್ಸಿಗೆ ಸ್ವಲ್ಪವೇ ಹೊತ್ತು ಉಳಿದಿತ್ತು.

ಆ ಬಸ್ಸನ್ನು ಅವಳು ತಪ್ಪಿಸುತ್ತಿರಲಿಲ್ಲ. ಗಂಡ ಕೆಂಪರಾಜು ಗೌರಿಬಿದನೂರಿನ ಆಚೆ ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ರಾತ್ರಿ ಪಾಳಿಯ ವಾರಗಳಲ್ಲಿ ಅವನು ಹೊರಡುವುದೂ ಅವಳು ಬರುವುದೂ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಂದೇ ಹೊತ್ತಿಗೆ ಬೀಳುತ್ತಿತ್ತು. ಅಲ್ಲಿನ ಕಟ್ಟೆಯ ಮೇಲೆ ಒಂದು ಚಹಾ. ಮನೆಯ ಬೀಗದ ಕೈ ಅವನ ಕೈಯಿಂದ ಅವಳ ಕೈಗೆ. ಬೆಳಿಗ್ಗೆ ಅದೇ ಚಹಾ, ಬೀಗದ ಕೈ ಅವಳ ಕೈಯಿಂದ ಅವನ ಕೈಗೆ. "ನಮ್ಮ ಸಂಸಾರ ನಡೀತಿರೋದೇ ಈ ಕಟ್ಟೆ ಮೇಲೆ ಕಣೇ," ಎನ್ನುತ್ತಿದ್ದ ಅವನು, "ಮನೆ ಸುಮ್ನೆ ಬಟ್ಟೆ ಒಣಗಿಸೋಕೆ." ಮೊದಮೊದಲು ಇದಕ್ಕೆ ನಗು ಬರುತ್ತಿತ್ತು. ಈಗ ನಗುವುದಕ್ಕೂ ಒಂದು ಚೂರು ಶಕ್ತಿ ಬೇಕು, ಅದನ್ನು ಇಬ್ಬರೂ ಉಳಿಸಿಕೊಳ್ಳುತ್ತಿದ್ದರು. ಪಕ್ಕ ಪಕ್ಕ ಕೂತು ಚಹಾ ಕುಡಿಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಸರಿಯಾದ ದಾರಿ ಅವಳಿಗೆ ಗೊತ್ತಿತ್ತು. ಆ ಎರಡು ಪದಗಳನ್ನು ಸೂಚನೆಗೇ ಕಟ್ಟಿಹಾಕಬೇಕು. ಬಂದರೆ ಎರಡೂ ಬರಬೇಕು, ಹೋದರೆ ಎರಡೂ ಹೋಗಬೇಕು. ಅವಳು ಅವಸರದಲ್ಲಿ ನಾಲ್ಕು ಸಾಲು ಬರೆದಳು. ನಾಲ್ಕನೇ ಜೇಬಿನಲ್ಲಿ ಏನಾದರೂ ಸಿಕ್ಕರೆ ತೆಗೆದು ಒಂದು ಬುಟ್ಟಿಗೆ ಹಾಕು. ಬುಟ್ಟಿಯಲ್ಲಿ ಏನಾದರೂ ಇದ್ದರೆ ವಿಶೇಷ ಸೂಚನೆ ಎಂದು ಹೇಳಿ ಅದನ್ನು ಓದು. ಇಲ್ಲದಿದ್ದರೆ ಸುಮ್ಮನಿರು. ಪರೀಕ್ಷೆಗೆ ಎರಡು ಸಾಲು ಕೊಟ್ಟಳು, ಸೂಚನೆ ಇಲ್ಲದ್ದು ಮೊದಲು, ಇದ್ದದ್ದು ಆಮೇಲೆ. ಎರಡೂ ಸರಿಯಾಗಿ ಬಂದವು. ಚೀಲ ಎತ್ತಿಕೊಂಡು ಓಡಿದಳು.

ಒಬ್ಬರ ಸಾಲು ಮುಗಿದು ಇನ್ನೊಬ್ಬರದು ಶುರುವಾಗುವ ಮೊದಲು ಬುಟ್ಟಿಯನ್ನು ಬರಿದು ಮಾಡು ಎಂಬ ಮಾತನ್ನು ಅವಳು ಬರೆದಿರಲಿಲ್ಲ. ಪರೀಕ್ಷೆಯ ಸಾಲುಗಳನ್ನು ಹಿಂದುಮುಂದು ಮಾಡಿದ್ದರೆ ಆಗಲೇ ಕಾಣುತ್ತಿತ್ತು.

ಅಂದು ಯಾರಿಗೂ ಸೂಚನೆ ಇರಲಿಲ್ಲ. ಹೆಣ್ಣುದನಿ ಹೇಳಬೇಕಾದಷ್ಟು ಹೇಳಿ ಸುಮ್ಮನಾಯಿತು. "ಈಗ ಬುದ್ಧಿ ಬಂತು ನೋಡು," ಎಂದ ಮೋಹನ್‌ಬಾಬು ಬೆಳಿಗ್ಗೆ. ಹಾಗೆ ಹೊಗಳಿದ ದಿನವೇ ಸಂಜೆ ಸೂಚನೆ ಒಂದು ಬಂತು. ಶಿಡ್ಲಘಟ್ಟದ ಹತ್ತಿರದ ನರಸಿಂಹಪ್ಪ ಎಂಬವರ ತೋಟದ ಪಕ್ಕದಲ್ಲಿ ದ್ರಾಕ್ಷಿಗೆ ಔಷಧಿ ಹೊಡೆದಿದ್ದರು. ರಮೇಶ್‌ಬಾಬು ಗೆರೆ ಎಳೆದು ಬರೆದಿದ್ದ: ಪಕ್ಕದ ತೋಟಕ್ಕೆ ಔಷಧಿ ಹೊಡೆದಿದ್ದಾರೆ, ಬದುವಿನ ಕಡೆಯ ಸೊಪ್ಪು ಕೊಯ್ಯಬೇಡಿ.

ಮರುದಿನ ಬೆಳಿಗ್ಗೆ ಅವಳು ಕುರ್ಚಿಗೆ ಚೀಲ ತಗುಲಿಸುವ ಮೊದಲೇ ಫೋನು ಬಂತು. ಶಿಡ್ಲಘಟ್ಟದ ಕಡೆಯ ಬಯ್ಯಪ್ಪ ಎಂಬ ರೈತ.

"ಏನಮ್ಮಾ, ನನ್ನ ಪಕ್ಕದ ತೋಟಕ್ಕೆ ಔಷಧಿ ಹೊಡೆದವ್ರೆ ಅಂತ ಹೇಳ್ತಲ್ಲ ನಿಮ್ಮ ಫೋನು."

"ಹೌದಾ? ಹೊಡೆದಿದ್ರೆ ಆ ಕಡೆ ಸೊಪ್ಪು ಕೊಯ್ಬೇಡಿ."

"ನನ್ನ ಪಕ್ಕದಲ್ಲಿರೋದು ಸ್ಮಶಾನ ಕಣಮ್ಮ. ಅಲ್ಲಿ ಮಲಗಿರೋರು ಯಾವ ಬೆಳೆಗೆ ಹೊಡೀತಾರೆ?"

ಅವಳು ಕಂಪ್ಯೂಟರ್ ಹಚ್ಚಿದಳು. ತೆರೆಯ ಮೇಲೆ ನಿನ್ನೆಯ ಸಾಲುಗಳನ್ನು ತೆಗೆದು ನೋಡಿದಳು. ನರಸಿಂಹಪ್ಪನವರ ಸೂಚನೆ ಅವರಲ್ಲಿಗೆ ಮುಗಿದಿರಲಿಲ್ಲ. ಬುಟ್ಟಿಯ ತಳಕ್ಕೆ ಅಂಟಿಕೊಂಡು ಬಯ್ಯಪ್ಪನಿಗೆ ಹೋಗಿತ್ತು, ಅವನ ಮುಂದಿನವನಿಗೆ ಹೋಗಿತ್ತು, ಏನೂ ಸೂಚನೆಯಿಲ್ಲದೆ ನೆಮ್ಮದಿಯಾಗಿದ್ದ ಅಷ್ಟೂ ಜನರ ಬಾಗಿಲು ತಟ್ಟಿತ್ತು. ತಪ್ಪು ಕಣ್ಣಿಗೆ ಬಿದ್ದ ಮೇಲೆ ತಿದ್ದುವುದಕ್ಕೆ ಒಂದು ಸಾಲು ಸಾಕಾಯಿತು. ಪ್ರತಿ ಹೆಸರಿಗೂ ಮೊದಲು ಬುಟ್ಟಿ ಬರಿದು. ಅವಳು ಅದನ್ನು ಬರೆದು, ಈ ಸಲ ಸಾಲುಗಳನ್ನು ಹಿಂದುಮುಂದು ಮಾಡಿ ನೋಡಿ, ಆಮೇಲೆ ಒಬ್ಬೊಬ್ಬರಿಗೇ ಫೋನು ಮಾಡಲು ಕೂತಳು.

ಹೆಚ್ಚಿನವರು ನಕ್ಕರು. ಒಬ್ಬನ ತೋಟದ ಸುತ್ತ ರಸ್ತೆ. ಇನ್ನೊಬ್ಬ ಫೋನು ಕೇಳಿಯೇ ಇರಲಿಲ್ಲ. ಮತ್ತೊಬ್ಬ ನಾಲ್ಕು ಹುಳುವಿಗೆ ಸೊಪ್ಪು ಹಾಕಿ ನೋಡಿ, ಸಾಯಲಿಲ್ಲವೆಂದು ಎಲ್ಲಕ್ಕೂ ಹಾಕಿದ್ದ. ಕೊನೆಯ ಹೆಸರು ಕೆಂಚಾರ್ಲಹಳ್ಳಿಯ ವರಲಕ್ಷ್ಮಮ್ಮನದು. ಅವರ ಫೋನು ಸ್ವಿಚ್ ಆಫ್. ಹುಳು ನಾಲ್ಕನೇ ಜ್ವರ ಎದ್ದು ದಿನಗಳಾಗಿದ್ದವು.

ರಮೇಶ್‌ಬಾಬುವಿಗೆ ಫೋನು ಮಾಡಿದಳು. ಅವನು ಆಗಲೇ ಸುದ್ದಿ ಕೇಳಿದ್ದ.

"ಅಲ್ಲಿ ದೊಡ್ಡ ಗಲಾಟೆ ಆಗೈತೆ ಅಕ್ಕ. ಮೈದುನ ಔಷಧಿ ಹೊಡ್ದ ಅಂತ ಆಯಮ್ಮ ಬದಿನ ಮೇಲೆ ನಿಂತು ಊರಿಗೆಲ್ಲ ಕೇಳೋ ಹಂಗೆ ಬೈದವ್ರೆ. ಬದಿನ ಕಡೆ ಸೊಪ್ಪೇ ಬಲಿತಿರೋದು, ಅದನ್ನ ಮುಟ್ತಿಲ್ಲ. ಆ ಕಡೆ ಇರೋ ಎಳೇ ಸೊಪ್ಪು ನಿನ್ನೆ ರಾತ್ರೀನೇ ಮುಗೀತಂತೆ. ಹುಳು ಉಪವಾಸ."

"ನೀನು ಹೋಗಿ ಹೇಳಪ್ಪ."

"ನಾನು ಬರ್ದಿದ್ದೇ ಅಂತ ನಂಬವ್ರೆ. ನಾನು ಹೋದ್ರೆ ಇನ್ನೂ ಗಟ್ಟಿಯಾಗ್ತದೆ."

ಮೋಹನ್‌ಬಾಬು ಎಲ್ಲ ಕೇಳಿಸಿಕೊಂಡ. ಬಿಸಿಯಾಗಲಿಲ್ಲ, ಅದು ಅವನ ಒಳ್ಳೆಯತನ. "ಸರ್ವರ್ ಪ್ರಾಬ್ಲಂ ಅಂದ್ಬಿಡು," ಎಂದ. "ಜನಕ್ಕೆ ಅದು ಅರ್ಥವಾಗ್ತದೆ."

"ಅರ್ಥ ಆಗಲ್ಲ ಸಾರ್. ಅದಕ್ಕೇ ಒಪ್ಕೊಂತಾರೆ." ಅವಳು ಚೀಲ ತಗುಲಿಸಿಕೊಂಡಳು. "ನಾನೇ ಹೋಗಿ ಬರ್ತೀನಿ."

ಜಂಗಮಕೋಟೆಯಿಂದ ಶಿಡ್ಲಘಟ್ಟ, ಅಲ್ಲಿಂದ ಚಿಂತಾಮಣಿ, ಅಲ್ಲಿಂದ ಕೆಂಚಾರ್ಲಹಳ್ಳಿ. ಬಸ್ಸಿನಿಂದ ಬಸ್ಸಿಗೆ ಬದಲಾಯಿಸುತ್ತಾ ಅವಳ ಕಣ್ಣು ಎಳೆಯುತ್ತಿತ್ತು. ನಿದ್ದೆ ಬಂದರೆ ಹುಳುಗಳು ಕಾಣುತ್ತಿದ್ದವು. ಹಸಿದ ಹುಳು ಕೂಗುವುದಿಲ್ಲ. ಹಾಸಿಗೆಯ ಅಂಚಿಗೆ ಹರಿದು ಬಂದು, ತಲೆಯೆತ್ತಿ, ಗಾಳಿಯಲ್ಲಿ ಅತ್ತಿತ್ತ ಆಡಿಸುತ್ತದೆ, ಅಷ್ಟೇ. ಅವಳ ತಾಯಿ ಆಂಜಿನಮ್ಮ ಬೇರೆಯವರ ತೋಟಗಳಲ್ಲಿ ಸೊಪ್ಪು ಕೊಯ್ಯುವ ಕೂಲಿಗೆ ಹೋಗುತ್ತಿದ್ದಳು. "ಬಾಯಿಲ್ಲದ ಜೀವಾನ ಕಾಯಿಸಬಾರದು ಕಣಮ್ಮ," ಎಂದು ಸಂಜೆ ಮಳೆ ಬಂದರೂ ಹೊರೆ ಮುಟ್ಟಿಸಿಯೇ ಬರುತ್ತಿದ್ದಳು. ಹೊರೆಯನ್ನು ಹುಳುಮನೆಯ ಹೊಸಿಲಿನ ಈಚೆ ಇಳಿಸಬೇಕಿತ್ತು; ಅವಳ ಕೇರಿಯವರು ಒಳಗೆ ಕಾಲಿಡುವಂತಿರಲಿಲ್ಲ.

ವರಲಕ್ಷ್ಮಮ್ಮನ ಮನೆ ಊರ ಕೊನೆಗಿತ್ತು. ಮನೆಯ ಹಿಂದೆ ಹುಳುಮನೆ, ಅದರ ಹಿಂದೆ ಹಿಪ್ಪುನೇರಳೆ ತೋಟ, ತೋಟದ ಬದಿನ ಆಚೆ ಕಡ್ಡಿ ನೆಟ್ಟು ದಾರ ಕಟ್ಟಿದ ಟೊಮೆಟೊ ಸಾಲುಗಳು. ಐವತ್ತೈದು ದಾಟಿದ ಹೆಂಗಸು ಹುಳುಮನೆಯ ಬಾಗಿಲಲ್ಲಿ ಕೈಕಟ್ಟಿ ಕೂತಿದ್ದರು. ಬಾಗಿಲ ಮೇಲೆ "ಹೊರಗಿನವರು ಒಳಗೆ ಬರಬಾರದು" ಎಂದು ಬಣ್ಣದಲ್ಲಿ ಬರೆದಿತ್ತು. ರೋಗ ತಗುಲದಿರಲೆಂದು ಈಗ ಎಲ್ಲ ಹುಳುಮನೆಗಳಲ್ಲೂ ಹಾಗೆ ಬರೆಯುತ್ತಾರೆ. ಆಂಜಿನಮ್ಮನ ಕಾಲದಲ್ಲಿ ಬರೆಯದೆಯೂ ಅದು ನಡೆಯುತ್ತಿತ್ತು.

"ಯಾರಮ್ಮ?"

"ಜಂಗಮಕೋಟೆ ಚಾಕಿ ಸೆಂಟರಿಂದ ಬಂದಿದೀನಮ್ಮ. ಶ್ರೀವಿದ್ಯಾ ಅಂತ. ಫೋನಿಗೆ ಮಾತು ಕಳ್ಸೋಳು."

ವರಲಕ್ಷ್ಮಮ್ಮನ ಮುಖ ಅರಳಿತು. "ನೀನಾ? ಬಾರಮ್ಮ, ಕೂತ್ಕೋ. ನಿನ್ನಿಂದ ಬದುಕ್ದೆ. ನೀನು ಹೇಳ್ದೆ ಇದ್ರೆ ವಿಷದ ಸೊಪ್ಪು ತಂದು ಈ ಕೈಯಾರೆ ಹಾಕ್ಬಿಡ್ತಿದ್ದೆ."

ಬೈಗುಳಕ್ಕೆ ಅವಳು ದಾರಿಯುದ್ದಕ್ಕೂ ಸಿದ್ಧಳಾಗಿ ಬಂದಿದ್ದಳು. ಇದಕ್ಕೆ ಸಿದ್ಧಳಾಗಿರಲಿಲ್ಲ. ಕೂರಲಿಲ್ಲ.

"ಆ ಮಾತು ತಪ್ಪಮ್ಮ. ಬೇರೆಯೋರದು ನಿಮಗೆ ಬಂದ್ಬಿಡ್ತು. ನಿಮ್ಮ ಪಕ್ಕದಲ್ಲಿ ಯಾರೂ ಔಷಧಿ ಹೊಡೆದಿಲ್ಲ."

"ನನ್ನ ಹೆಸರು ಹೇಳ್ತಲ್ಲಮ್ಮ ಅದು. ವರಲಕ್ಷ್ಮಮ್ಮ ಅವರೇ ಅಂತು."

"ಹೆಸರು ನಿಮ್ಮದೇ. ಸೂಚನೆ ನಿಮ್ಮದಲ್ಲ. ಒಬ್ಬರಿಗೆ ಬಡಿಸಿದ ಸೌಟು ತೊಳೀದೆ ಇನ್ನೊಬ್ಬರ ತಟ್ಟೆಗೆ ಹಾಕಿದಂಗಾಯ್ತು. ನಿಮ್ಮ ತಟ್ಟೆ ಖಾಲಿ ಇರಬೇಕಿತ್ತು. ತಪ್ಪು ನಂದು. ಸೊಪ್ಪು ಚೆನ್ನಾಗೈತೆ, ಹಾಕಿ."

ವರಲಕ್ಷ್ಮಮ್ಮ ನಂಬದೆ ತಲೆಯಾಡಿಸಿದರು. "ನಿನ್ನ ಮೇಲೆ ಯಾಕಮ್ಮ ಹಾಕ್ಕೊಂತೀಯ? ಅವನೇ ಒಪ್ಕೊಂಡನಲ್ಲ."

"ಯಾರು?"

"ನನ್ನ ಮೈದುನ, ರಾಮಾಂಜಿ. ಮುಂದೆ ನಿಂತು ಕೇಳ್ದೆ. ಹೇಳ್ದೆ ಕೇಳ್ದೆ ಹೊಡ್ದೆಯೇನೋ ಅಂದ್ರೆ, 'ಹೂಂ, ಹೊಡ್ದೆ ಅಂತಲೇ ಇಟ್ಕೋ' ಅಂದ. ಇನ್ನೇನು ಬೇಕು?"

ಕಥೆ ಆಗ ಬಿಚ್ಚಿಕೊಂಡಿತು. ಗಂಡ ಇದ್ದಾಗಲೇ ಆಸ್ತಿ ಭಾಗವಾಗಿತ್ತು. ಬಾವಿಯ ವಿಷಯಕ್ಕೆ ಮಾತು ಬಿಟ್ಟಿತ್ತು. ಗಂಡ ಹೋದ ಮೇಲೂ ಎರಡು ಮನೆಗಳು ಒಂದರ ಹಬ್ಬಕ್ಕೆ ಇನ್ನೊಂದು ಹೋಗುತ್ತಿರಲಿಲ್ಲ. ಉಳಿದಿದ್ದು ಒಂದೇ. ಟೊಮೆಟೊಗೆ ಔಷಧಿ ಹೊಡೆಯುವ ಹಿಂದಿನ ಸಂಜೆ ರಾಮಾಂಜಿನಪ್ಪ ಬದಿನ ಮೇಲೆ ನಿಂತು ಈ ಕಡೆ ಮುಖ ಮಾಡದೆ ಗಾಳಿಗೆ ಹೇಳುವಂತೆ ಕೂಗುತ್ತಿದ್ದ: "ನಾಳೆ ಹೊಡೀತೀನಿ." ವರಲಕ್ಷ್ಮಮ್ಮ ಉತ್ತರ ಕೊಡುತ್ತಿರಲಿಲ್ಲ. ಎದ್ದು ಹೋಗಿ ಅಂಚಿನ ಸಾಲುಗಳನ್ನು ಕತ್ತಲಾಗುವ ಮೊದಲು ಕೊಯ್ದು ತರುತ್ತಿದ್ದರು. ಎರಡು ಮನೆಗಳ ನಡುವೆ ಉಳಿದಿದ್ದ ಬಂಧುತ್ವ ಆ ಕೂಗು, ಈ ಕುಡುಗೋಲು.

ಅದರ ನಡುವೆ ಅವಳ ನಾಲ್ಕು ಸಾಲು ಬಂದು ಬಿದ್ದಿದ್ದವು.

ಶ್ರೀವಿದ್ಯಾ ತೋಟದೊಳಗಿಂದ ನಡೆದು ಬದುವಿಗೆ ಹೋದಳು. ರಾಮಾಂಜಿನಪ್ಪ ಟೊಮೆಟೊ ಗಿಡಗಳಿಗೆ ದಾರ ಕಟ್ಟುತ್ತಿದ್ದ. ಅವಳು ಯಾರೆಂದು ಹೇಳಿ, ಏನಾಯಿತೆಂದು ಹೇಳಿದಳು. ಅವನು ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ.

"ಹೊಡ್ದಿಲ್ಲ ಅಂತ ಒಂದು ಮಾತು ಹೇಳಿಬಿಡಿ ಸಾಕು," ಎಂದಳು.

"ಹೇಳಲ್ಲ."

"ಹುಳು ಸಾಯ್ತವೆ."

"ಸಾಯ್ಲಿ ಅಂತ ನಾನು ಅಂದ್ನಾ? ಇಷ್ಟು ವರ್ಷ ಒಂದ್ಸಲನಾದ್ರೂ ಹೇಳ್ದೆ ಹೊಡ್ದಿದ್ದೀನಾ ಕೇಳು ಹೋಗಿ. ಅಷ್ಟು ಸಲ ಕೂಗಿದ್ದು ಲೆಕ್ಕಕ್ಕಿಲ್ಲ. ಫೋನು ಒಂದು ಸಲ ಅಂದಿದ್ದು ಲೆಕ್ಕ. ಈಗ ಫೋನೇ ಹೇಳ್ಲಿ, ಇಲ್ಲ ಅಂತ."

"ಫೋನಿಗೆ ಹೇಳಿಕೊಡೋಳೇ ನಾನು. ನಾನೇ ಬಂದು ಹೇಳ್ದೆ."

"ನಂಬಿದ್ಲಾ?"

"ಇಲ್ಲ."

"ಪೋನೀಲೇ," ಎಂದ ಅವನು ತೆಲುಗಿನಲ್ಲಿ, ಹೋಗಲಿ ಬಿಡು ಎಂಬಂತೆ. "ನಿನ್ನ ಮಾತೂ ನನ್ನ ಮಾತಿನಂಗೇ ಆಯ್ತು ಬಿಡು. ಹೋಗಮ್ಮ, ಬಿಸಿಲು."

ಅವಳು ಬದಿನ ಮೇಲೆ ನಿಂತಳು. ಈ ಕಡೆ ನಂಬದ ಹೆಂಗಸು, ಆ ಕಡೆ ಹೇಳದ ಗಂಡಸು. ಇಬ್ಬರಿಗೂ ಇನ್ನೊಂದು ಸಲ ವಿವರಿಸುವ ತ್ರಾಣ ಅವಳಲ್ಲಿರಲಿಲ್ಲ. ಕಾಲಿನ ಕೆಳಗೇ ಹಿಪ್ಪುನೇರಳೆ ಸಾಲು ಎದೆಯೆತ್ತರ ಬೆಳೆದು, ದಪ್ಪ ಎಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಸಾಲಿನ ಬುಡದಲ್ಲಿ ನಿನ್ನೆ ಬಿಸಾಡಿ ಹೋದ ಕುಡುಗೋಲು ಬಿದ್ದಿತ್ತು. ಅವಳು ಚೀಲವನ್ನು ಬದಿನ ಮೇಲಿಟ್ಟು, ಸೆರಗು ಸಿಕ್ಕಿಸಿ, ಕುಡುಗೋಲು ಎತ್ತಿಕೊಂಡು ಕೊಯ್ಯತೊಡಗಿದಳು.

ತಾಯಿ ಕೊಯ್ಯುವುದನ್ನು ನೋಡಿದ್ದಳೇ ಹೊರತು ತಾನು ಎಂದೂ ಕೊಯ್ದವಳಲ್ಲ. ನೀನು ಇದನ್ನು ಮುಟ್ಟಬಾರದು, ಓದು ಎಂದು ತಾಯಿ ಕುಡುಗೋಲನ್ನು ಸೂರಿಗೆ ಸಿಕ್ಕಿಸುತ್ತಿದ್ದಳು. ಕಡ್ಡಿ ಬಗ್ಗಿತು, ತುಂಡಾಗಲಿಲ್ಲ. ಎಳೆದಳು. ತೊಗಟೆ ಸುಲಿದು ಬಂತು. ಇನ್ನೊಂದು ಕಡ್ಡಿ. ಅದೂ ಹಾಗೆಯೇ.

ಬೆನ್ನ ಹಿಂದೆ ದಾರದ ಉಂಡೆ ಕೆಳಗೆ ಬಿದ್ದ ಸದ್ದಾಯಿತು.

"ಅಂಗಲ್ಲಮ್ಮ. ಬುಡ ಸೀಳ್ತಿದೀಯ. ಮುಂದಿನ ಬೆಳೆಗೆ ಚಿಗುರಲ್ಲ ಅದು."

ಅವಳು ನಿಲ್ಲಿಸಲಿಲ್ಲ.

"ಹೇಳೋದು ಕೇಳಿಸ್ತಾ? ನಮ್ಮಣ್ಣ ನೆಟ್ಟ ಗಿಡ ಕಣಮ್ಮ ಅವು."

"ಗೊತ್ತಿರೋರು ಕೊಯ್ಯಲ್ಲ ಅಂತ ಕೂತವ್ರೆ," ಎಂದಳು ಅವಳು ತಿರುಗದೆ. "ಗೊತ್ತಿಲ್ದೋರು ಕೊಯ್ದ್ರೆ ಹಿಂಗೇ."

ರಾಮಾಂಜಿನಪ್ಪ ಬದು ದಾಟಿ ಬಂದ. ಕುಡುಗೋಲನ್ನು ಅವಳ ಕೈಯಿಂದ ಕಿತ್ತುಕೊಂಡ. ಬಾಗಿದ. ಆಮೇಲೆ ಕೇಳಿದ್ದು ಬರೀ ಕಡ್ಡಿಗಳು ಓರೆಯಾಗಿ, ನುಣುಪಾಗಿ ಕತ್ತರಿಸಿ ಬೀಳುವ ಸದ್ದು. ಅವಳು ಕಡ್ಡಿಗಳನ್ನು ಜೋಡಿಸಿದಳು. ಅವನು ಹಸಿ ಕಡ್ಡಿಯನ್ನೇ ತಿರುಚಿ ಹೊರೆ ಕಟ್ಟಿ, ತಲೆಗೇರಿಸಿಕೊಂಡು, ಕೋಪ ಬಂದವನಂತೆ ದಡದಡ ನಡೆದ.

ಹುಳುಮನೆಯ ಹೊಸಿಲ ಹೊರಗೆ ಹೊರೆಯನ್ನು ಎತ್ತಿಹಾಕಿದ. ವರಲಕ್ಷ್ಮಮ್ಮ ಎದ್ದು ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅವನು ಹಿಂದಿರುಗಲು ತಿರುಗಿದ.

ಶ್ರೀವಿದ್ಯಾ ಗೋಡೆಗೆ ಒರಗಿದ್ದಳು. ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. "ಹೊರೆ ಒಳಗಿಟ್ಟು ಹೋಗಿ ಯಜಮಾನ್ರೇ," ಎಂದಳು. "ನಾನು ಹೊರಗಿನೋಳು. ನಾನು ಒಳಕ್ಕೆ ಹೋಗಂಗಿಲ್ಲ. ನೀವು ಹೋಗಬೋದು ಅಂದ್ರೆ ಹೋಗಿ."

ಮಾತು ಬಾಯಿಂದ ಬಂದ ಮೇಲೆ ಮೂವರಿಗೂ ಅದರ ತೂಕ ಗೊತ್ತಾಯಿತು. ಈ ಸೀಮೆಯಲ್ಲಿ ದೇವರ ಮುಂದೆ ಸುಳ್ಳು ಆಣೆ ಇಟ್ಟವರುಂಟು. ಔಷಧಿ ಮುಟ್ಟಿದ ಮೈಯಲ್ಲಿ ಹುಳುಮನೆಯ ಹೊಸಿಲು ತುಳಿದವರಿಲ್ಲ; ಶತ್ರುವಿನ ಹುಳುಮನೆಯದೂ ಸಹ.

ರಾಮಾಂಜಿನಪ್ಪ ನಿಂತ. ಚಪ್ಪಲಿ ಬಿಟ್ಟ. ಬಾಗಿಲ ಪಕ್ಕದ ಬಕೆಟ್ಟಿನ ನೀರಿನಲ್ಲಿ ಮೊಣಕೈವರೆಗೆ ಕೈ ತೊಳೆದ. ಹೊಸಿಲ ಮುಂದೆ ಹರವಿದ್ದ ಸುಣ್ಣದ ಪುಡಿಯಲ್ಲಿ ಎರಡೂ ಪಾದ ಒತ್ತಿದ. ಹೊರೆ ಎತ್ತಿಕೊಂಡ. ಅವನು ಮಾಡಿದ ಒಂದೊಂದನ್ನೂ ವರಲಕ್ಷ್ಮಮ್ಮ ನೋಡುತ್ತಿದ್ದರು, ಮುಖವನ್ನಲ್ಲ, ಪಾದಗಳನ್ನು. ಅವನು ಹೊಸಿಲ ಮುಂದೆ ಬಂದಾಗ ಅವರು ಪಕ್ಕಕ್ಕೆ ಸರಿದರು.

ಬಿಳಿ ಹೆಜ್ಜೆಗಳು ಒಳಗೆ ಹೋದವು.

ಬಾಗಿಲಿನಿಂದ ಶ್ರೀವಿದ್ಯಾಳಿಗೆ ಒಳಗಿನ ಮಂಕು ಬೆಳಕು ಕಾಣುತ್ತಿತ್ತು. ಸ್ಟ್ಯಾಂಡುಗಳ ಮೇಲೆ ಸಾಲು ಸಾಲು ಹಾಸಿಗೆ. ಇಬ್ಬರೂ ಎರಡು ಕಡೆಯಿಂದ ಕಡ್ಡಿ ಸೊಪ್ಪು ಹರವುತ್ತಾ ಬಂದರು. ಮೊದಲು ಏನೂ ಆಗಲಿಲ್ಲ. ಅಂಚಿನಲ್ಲಿದ್ದ ಕೆಲವು ಹುಳುಗಳು ತಲೆಯೆತ್ತಲೇ ಇಲ್ಲ. ವರಲಕ್ಷ್ಮಮ್ಮ ಅವನ್ನು ಆರಿಸಿ ಒಂದು ತಟ್ಟೆಗೆ ಹಾಕಿದರು, ತಟ್ಟೆಯ ತಳ ಮುಚ್ಚಿತು. ಆಮೇಲೆ ಮಧ್ಯದಿಂದ ಸದ್ದು ಶುರುವಾಯಿತು. ದೂರದ ಮನೆಯಲ್ಲಿ ಯಾರೋ ಮೊರದಲ್ಲಿ ರಾಗಿ ಕೇರುವಂತೆ, ಸಣ್ಣಗೆ, ಬಿಡದೆ. ಶ್ರೀವಿದ್ಯಾ ಕಣ್ಣು ಮುಚ್ಚಿ ಕೇಳಿದಳು. ಇಷ್ಟು ವರ್ಷ ಹುಳುವಿನ ಬಗ್ಗೆ ದಿನವೂ ಬರೆದಿದ್ದಳು. ಅದು ತಿನ್ನುವುದನ್ನು ಹೀಗೆ ನಿಂತು ಕೇಳಿರಲಿಲ್ಲ.

"ಹೊಡ್ದೆ ಅಂತ ಯಾಕಂದೆ?" ಎಂಬ ದನಿ ಒಳಗಿಂದ ಬಂತು.

"ನೀನು ಕೇಳ್ದೆ, ಅಂದೆ."

"ಕೇಳಿದ್ದಕ್ಕೆಲ್ಲ ಹೂಂ ಅಂತೀಯಾ? ಭಾಗದ ದಿನ ಬಾವಿ ಕೇಳಿದ್ದೆ. ಆವತ್ತು ಹೂಂ ಅನ್ನೋಕೆ ನಾಲಿಗೆ ಬರ್ಲಿಲ್ಲ."

"ಆ ಬಾವೀಲಿ ಈಗ ನೀರೆಲ್ಲೈತೆ ಅತ್ಗೆ? ಬೇಕಾದ್ರೆ ತಗೋ, ಇಳಿದು ಕೂತ್ಕೋ."

"ನೀನೇ ಕೂತ್ಕೋ. ಅಲ್ಲಿಂದ ಕೂಗಿದ್ರೆ ಫೋನಿಗಿಂತ ಚೆನ್ನಾಗಿ ಕೇಳಿಸ್ತದೆ."

ಶ್ರೀವಿದ್ಯಾ ಸೆರಗಿನಿಂದ ಮುಖ ಒರೆಸಿಕೊಂಡಳು. ನೆರಳು ಹುಳುಮನೆಯ ಗೋಡೆಯಿಂದ ಇಳಿದು ಅಂಗಳಕ್ಕೆ ಬಂದಿತ್ತು. ಚಿಂತಾಮಣಿಯ ಬಸ್ಸು ಈಗ ಸಿಕ್ಕರೆ, ಅಲ್ಲಿ ಕಾಯದೆ ಇನ್ನೊಂದು ಸಿಕ್ಕರೆ, ಕೆಂಪರಾಜು ಹೊರಡುವ ಮುಂಚೆ ಕಟ್ಟೆ ತಲುಪಬಹುದು. ಇಲ್ಲದಿದ್ದರೆ ಅವನು ಬೀಗದ ಕೈಯನ್ನು ಚಹಾ ಅಂಗಡಿಯವನಿಗೆ ಕೊಟ್ಟು ಹೋಗುತ್ತಾನೆ. ಒಂದು ಚಹಾ. ಅದಕ್ಕಾಗಿ ಅವಸರ ಮಾಡಿದ್ದಕ್ಕೇ ಇಷ್ಟೆಲ್ಲ ಆಗಿದ್ದು, ಈಗಲೂ ಅದೇ ಅವಸರ. ಅವಳು ಬದಿನ ಮೇಲಿನ ಚೀಲ ತರಲು ಹೋಗಿ ಬಂದಳು.

ವರಲಕ್ಷ್ಮಮ್ಮ ಬಾಗಿಲಿಗೆ ಬಂದಿದ್ದರು, ಕೈಯಲ್ಲಿ ಒಂದು ಲೋಟ ಮಜ್ಜಿಗೆ. ಶ್ರೀವಿದ್ಯಾ ನಿಂತೇ ಕುಡಿದಳು.

"ಇನ್ನು ಮೇಲೆ ಹಿಂಗಾಗಲ್ಲ ತಾನೇ?"

"ಆಗಲ್ಲಮ್ಮ. ಬೆಳಿಗ್ಗೇನೇ ಸರಿ ಮಾಡಿದೀನಿ. ನಿಮಗೆ ಸೂಚನೆ ಇದ್ರೆ ಹೇಳ್ತದೆ. ಇಲ್ದಿದ್ರೆ ಸುಮ್ನಿರ್ತದೆ."

"ಅದು ಸರಿ," ಎಂದರು ವರಲಕ್ಷ್ಮಮ್ಮ. ಲೋಟ ವಾಪಸು ತೆಗೆದುಕೊಂಡರು, ಒಳಗೆ ಹೋಗಲಿಲ್ಲ. "ಆದ್ರೆ ಅದು ಸುಮ್ನಿದ್ರೆ ಏನೂ ಇಲ್ಲ ಅಂತಲೋ, ಹೇಳೋದು ಮರ್ತದೆ ಅಂತಲೋ, ನಾನು ಹೆಂಗಮ್ಮ ತಿಳ್ಕೊಳ್ಳೋದು?"

ಶ್ರೀವಿದ್ಯಾ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು.

"ಅದಕ್ಕೆ ನಾನಿಲ್ವಾ?" ಎಂದಿತು ಒಳಗಿನ ದನಿ. "ನಾನು ಬದಿನ ಮೇಲೆ ನಿಂತು ಕೂಗಿಲ್ಲ ಅಂದ್ರೆ ಏನೂ ಇಲ್ಲ ಅಂತಲೇ ಅರ್ಥ."

"ನೀನು ಕೆಲಸ ನೋಡಪ್ಪ, ನಾನು ಕೇಳಿದ್ದು ಇವಳನ್ನ. ಹೇಳಮ್ಮ ಶ್ರೀವಿದ್ಯಮ್ಮ. ಸುಮ್ನಿದ್ರೆ ಅದು ಯಾವ ಸುಮ್ನೆ ಅಂತ..."

ಶ್ರೀವಿದ್ಯಾ ಆಗಲೇ ಅಂಗಳ ದಾಟಿದ್ದಳು. ಮಣ್ಣಿನ ದಾರಿಯಲ್ಲಿ ಚಪ್ಪಲಿ ಎಳೆಯುತ್ತಾ, ಗುಳ್ಳೆ ಎದ್ದ ಕೈಯನ್ನು ತಿರುಗದೆಯೇ ಒಮ್ಮೆ ಎತ್ತಿ, ರಸ್ತೆಯ ಕಡೆ ನಡೆದಳು.